ಹೇಳಿಕೆಯ ಮಾಸ್ಟ್ರು

ಚಕ್ರಪಾಣಿ ಮಾಸ್ಟ್ರು ಯಾರ ಮನೆಯಿಂದಲೂ ಬೆನ್ನು ತಿರುಗಿಸಿ ಹೊರಟವರಲ್ಲ. ಜಗಲಿಯಿಂದ ಇಳಿದು, ಮನೆಯವರ ಮುಖವನ್ನೇ ನೋಡುತ್ತ, ಕೈ ಮುಗಿದುಕೊಂಡೇ ಹಿಂದೆ ಹಿಂದೆ ಹೆಜ್ಜೆಯಿಟ್ಟು ಅಂಗಳ ದಾಟುವರು. "ಬರ್ತೀರಲ್ಲ? ಭಾನುವಾರ ಬರ್ತೀರಲ್ಲ?" ಎಂಬ ತಮ್ಮ ಪ್ರಶ್ನೆಗೆ ಬರುತ್ತೇವೆಂಬ ಉತ್ತರ ಕಿವಿಗೆ ಬಿದ್ದ ಮೇಲೆಯೇ ಅವರ ದೇಹ ರಸ್ತೆಯ ಕಡೆಗೆ ತಿರುಗುವುದು. ಉತ್ತರ ತಡವಾದಷ್ಟೂ ಆ ಹಿಂದಡಿಯ ನಡಿಗೆ ಉದ್ದವಾಗುವುದು. ಹೀಗೆ ನಡೆದು ಅವರು ಒಮ್ಮೆ ಕದ್ರಿಯ ಇಳಿಜಾರಿನಲ್ಲಿ ಬಡಗಿ ಬೆನೆಡಿಕ್ಟನ ಮನೆಯೆದುರಿನ ತೋಡಿಗೆ ಬಿದ್ದದ್ದನ್ನು, ಬಿದ್ದಲ್ಲಿಂದಲೇ ಭಾನುವಾರದ ಮಾತೆತ್ತಿದ್ದನ್ನು, ಬೆನೆಡಿಕ್ಟ ಅವರನ್ನು ಮೇಲೆತ್ತುವ ಗಡಿಬಿಡಿಯಲ್ಲಿ ಹೂಂ ಎಂದುಬಿಟ್ಟು ಆಮೇಲೆ ಪರಿತಪಿಸಿದ್ದನ್ನು ನಾವು ಕದ್ರಿಯವರು ಬಹುಕಾಲ ಹೇಳಿಕೊಂಡು ನಕ್ಕಿದ್ದೇವೆ. ನಗುವುದಕ್ಕೆ ನಮಗೆ ಎಂತ ಕಷ್ಟ? ತೋಡಿಗೆ ಬಿದ್ದವರು ನಾವಲ್ಲವಲ್ಲ.

ಅವರು ಕರೆಯುತ್ತಿದ್ದದ್ದು ಮದುವೆಗಲ್ಲ, ಮುಂಜಿಗಲ್ಲ, ಊಟ ಹಾಕುವ ಯಾವ ಸಮಾರಂಭಕ್ಕೂ ಅಲ್ಲ. ಎರಡನೆಯ ಮಹಾಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದ ಕಾಲವದು. ಪಡೀಲಿಗೆ ಹೋಗುವ ರಸ್ತೆಯ ಬದಿಯ ಒಂದು ಸಣ್ಣ ಎಲಿಮೆಂಟರಿ ಶಾಲೆಗೆ ಅವರು ಹೆಡ್‌ಮಾಸ್ಟ್ರು. ಕದ್ರಿಯ ಅರ್ಚಕ ಮನೆತನದಲ್ಲಿ ಹುಟ್ಟಿ, ಗಂಟೆ-ಆರತಿಗಳನ್ನು ಅಣ್ಣಂದಿರಿಗೆ ಬಿಟ್ಟು, ಸ್ಲೇಟು-ಬಳಪಗಳ ಪಾಲಿಗೆ ಬಂದವರು. ಬಹುವರ್ಷ ಅಕ್ಷರ ತಿದ್ದಿಸಿದ ಮೇಲೆ ಅವರ ತಲೆಯೊಳಗೆ ಒಂದು ವಿಚಾರ ಹೊಕ್ಕು ಕೂತಿತು: ತಾವು ಹಗಲೆಲ್ಲ ಮಗುವಿನ ಮನಸ್ಸಿನಲ್ಲಿ ಕಟ್ಟಿದ್ದನ್ನು ಸಂಜೆ ಮನೆಯವರು ಬೈದು, ಬಡಿದು, ಭೂತ-ಪಿಶಾಚಿಯ ಹೆಸರು ಹೇಳಿ ಹೆದರಿಸಿ ಕೆಡವಿಬಿಡುತ್ತಾರೆ, ಆದ್ದರಿಂದ ಪಾಠ ಮೊದಲು ಬೇಕಾದದ್ದು ದೊಡ್ಡವರಿಗೆ. ಹೀಗೆ ಹುಟ್ಟಿದ್ದು ಭಾನುವಾರ ಮಧ್ಯಾಹ್ನದ ಪಾಲಕರ ಕೂಟ. ಮಗು ಸುಳ್ಳು ಹೇಳಿದರೆ ಎಂತ ಮಾಡಬೇಕು, ಹಠ ಹಿಡಿದರೆ ಎಂತ ಮಾಡಬೇಕು, ಹೊಡೆಯದೆ ತಿದ್ದುವುದು ಹೇಗೆ, ಇವೇ ಅಲ್ಲಿಯ ವಿಷಯ. ಮಕ್ಕಳನ್ನು ಸಾಕಲಿಕ್ಕೂ ಶಾಲೆಯಾ ಮಾರಾಯ ಎಂದು ಊರು ಮೂಗಿನ ಮೇಲೆ ಬೆರಳಿಟ್ಟಿತು.

ಆ ಕೂಟಕ್ಕೆಂದೇ ಅವರಲ್ಲಿ ಒಂದು ಕೋಟು ಇತ್ತು. ಒಂದು ಕಾಲದಲ್ಲಿ ಕಪ್ಪಾಗಿದ್ದು, ಕಡಲ ಗಾಳಿ ತಿಂದು ತಿಂದು ತುಕ್ಕಿನ ಬಣ್ಣಕ್ಕೆ ತಿರುಗಿದ್ದ ಆ ಕೋಟಿನ ಗುಂಡಿಗಳು ಯಾವತ್ತೂ ಸರಿಯಾದ ಕಾಜಕ್ಕೆ ಬಿದ್ದದ್ದಿಲ್ಲ. ಬೀಳುವುದಾದರೂ ಹೇಗೆ? ಗುಂಡಿ ಹಾಕುವಾಗ ಕಣ್ಣು ರಸ್ತೆಯ ಮೇಲಿರುತ್ತಿತ್ತು. ಊಟ ಅರ್ಧಕ್ಕೇ ಬಿಟ್ಟು, ಹೊತ್ತಿಗೆ ಬಹಳ ಮೊದಲೇ ಶಾಲೆಗೆ ಹೋಗಿ, ಬೆಂಚುಗಳನ್ನು ಒತ್ತೊತ್ತಾಗಿಟ್ಟು, ಯಾರೂ ಬಾರದೆ ಹೋದಾಗ ದೂರ ದೂರ ಎಳೆದಿಟ್ಟು, ಬಂದ ನಾಲ್ಕು ಜನ ಹತ್ತು ಜನರಂತೆ ಕಾಣುವ ಹಾಗೆ ಮಾಡುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ರಸ್ತೆಯಲ್ಲಿ ಎತ್ತಿನ ಗಾಡಿ ನಿಂತರೆ ಅವರ ಎದೆ ಹಾರುವುದು. ಗಾಡಿ ಮುಂದೆ ಹೋದರೆ ಮುಖ ಬಾಡುವುದು.

ಬಾರದಿರುವುದಕ್ಕೆ ನಮ್ಮ ಜನಕ್ಕೆ ಕಾರಣಗಳ ಬರಗಾಲವಿತ್ತೇ? ನೇಜಿ ನೆಡುವ ಹೊತ್ತು, ಕೋಳಿ ಅಂಕ, ಹಿಂದಿನ ರಾತ್ರಿಯ ಯಕ್ಷಗಾನದ ಆಟದ ನಿದ್ದೆ, ನೆಂಟರು, ಭೂತದ ಕೋಲ, ಕಡಲಿಗೆ ಬೂತಾಯಿ ಮೀನು ಬಂದದ್ದು, ಬಾರದೆ ಇದ್ದದ್ದು. ಒಂದೊಂದು ಕಾರಣಕ್ಕೂ ಮಾಸ್ಟ್ರು ಒಂದೊಂದು ಮದ್ದು ಅರೆದರು. ಕೂಸು ಬಿಟ್ಟು ಬರಲಿಕ್ಕಾಗುವುದಿಲ್ಲ ಎಂದ ಹೆಂಗಸರಿಗಾಗಿ ತಮ್ಮ ಹೆಂಡತಿ ಸತ್ಯಭಾಮಮ್ಮನನ್ನು ಹಿಂದಿನ ಜಗಲಿಯಲ್ಲಿ ಕೂರಿಸಿ, ಊರ ಕೂಸುಗಳನ್ನೆಲ್ಲ ಅವರ ಮಡಿಲಿಗೆ ಹಾಕಿದರು. ಎಲೆಯಡಿಕೆಯ ತಟ್ಟೆಯನ್ನು ಬಾಗಿಲಲ್ಲಿಟ್ಟರೆ ಜಗಿದುಕೊಂಡು ಹೊರಗಿನಿಂದಲೇ ಹೋಗುತ್ತಾರೆಂದು ತಿಳಿದ ಮೇಲೆ ಅದನ್ನು ಮೇಜಿನ ಹತ್ತಿರಕ್ಕೆ ತಂದರು. ಒಮ್ಮೆ ಬಂದವನು ಎರಡನೆಯ ಸಲ ಬಾರದಿದ್ದರೆ ಸೋಮವಾರ ಬೆಳಿಗ್ಗೆ ಇವರು ಅವನ ಅಂಗಳದಲ್ಲಿ ಹಾಜರು. ಗದರಿಸಲಿಕ್ಕಲ್ಲ, ತಾನೇನಾದರೂ ನೋಯುವಂಥ ಮಾತಾಡಿದೆನೇ ಎಂದು ವಿಚಾರಿಸಲಿಕ್ಕೆ. ನಿಮ್ಮ ಜಾತಕದಲ್ಲಿ ಕಾಲು ಸವೆಯುವ ಯೋಗ ಉಂಟು ಎಂದು ಸತ್ಯಭಾಮಮ್ಮ ಗೊಣಗುವರು. ಗೊಣಗುತ್ತಲೇ ಮುಂದಿನ ಭಾನುವಾರಕ್ಕೆ ಕೂಸುಗಳಿಗೆಂದು ಅರಳು ಕಟ್ಟಿಡುವರು.

ಈ ಎಲ್ಲ ತಳಮಳದ ನಡುವೆ ಅವರಿಗಿದ್ದ ಒಂದೇ ಸಮಾಧಾನವೆಂದರೆ ಚೆನ್ನಪ್ಪ. ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಮೆಟ್ಟುವ ಕೆಲಸದ, ಮಿತಭಾಷಿಯಾದ, ಕಣಕಾಲಿನ ಕೆಂಪು ಎಷ್ಟು ತೊಳೆದರೂ ಹೋಗದ ಮನುಷ್ಯ. ಅವನ ಮಗಳು ಮುದ್ದು ಎರಡನೆಯ ಕ್ಲಾಸಿನಲ್ಲಿದ್ದಳು. ಮಾಸ್ಟ್ರು ಕಾರ್ಖಾನೆಯ ಗೇಟಿನವರೆಗೆ ಹೋಗಿ ಕರೆದದ್ದೇ ಸೈ, ಅಂದಿನಿಂದ ಚೆನ್ನಪ್ಪ ಒಂದು ಭಾನುವಾರವನ್ನೂ ತಪ್ಪಿಸಿದವನಲ್ಲ. ಮೊದಲ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವಂತೆ ಕುಗ್ಗಿ ಕೂತು, ಮಾಸ್ಟ್ರು ಹೇಳಿದ ಮಾತು ಮಾತಿಗೂ ತಲೆದೂಗುವನು. ನೋಡಿ, ಚೆನ್ನಪ್ಪನನ್ನು ನೋಡಿ ಕಲಿಯಿರಿ ಎಂದು ಮಾಸ್ಟ್ರು ಊರಿಡೀ ಅವನ ಹೆಸರನ್ನು ಹೊತ್ತು ತಿರುಗಿದರು.

ಆ ಮುದ್ದು ಎಡಚಿ. ಬಳಪವಿರಲಿ, ಕಲ್ಲಿರಲಿ, ಹೂವಿರಲಿ, ಮೊದಲು ಮುಂದೆ ಬರುವುದು ಅವಳ ಎಡಗೈ. ಎಡಗೈಯಲ್ಲಿ ಅವಳು ಬರೆದ ಅಕ್ಷರ ಪೋಣಿಸಿದ ಹಾಗೆ ಇರುತ್ತಿತ್ತು; ಮಾಸ್ಟ್ರು ಅದನ್ನು ತಡೆದವರಲ್ಲ. ಒಂದು ಸೋಮವಾರ ಹುಡುಗಿ ಬಳಪವನ್ನು ಬಲಗೈಯಲ್ಲಿ ಹಿಡಿದು ಗೀಚುತ್ತಿದ್ದುದನ್ನು ಕಂಡು, ಎಡಗೈಯನ್ನು ಎಲ್ಲಿ ಬಚ್ಚಿಟ್ಟಿದ್ದಾಳೆಂದು ಲಂಗದ ಮಡಿಕೆಯಿಂದ ಬಿಡಿಸಿ ನೋಡಿದರೆ, ಬೆರಳುಗಳ ಬೆನ್ನಿನ ಮೇಲೆ ಸಾಲಾಗಿ ಬರೆ. ಸಟ್ಟುಗ ಕಾಯಿಸಿ ಎಳೆದ ಬರೆ. ಹೊಡೆಯಬೇಡಿ, ಸುಡಬೇಡಿ ಎಂದು ಹಿಂದಿನ ದಿನ ತಾನೇ ಗಂಟಲು ಹರಿದುಕೊಂಡದ್ದು. ಅದಕ್ಕೆ ಎಲ್ಲರಿಗಿಂತ ಹೆಚ್ಚು ತಲೆದೂಗಿದವನು ಇದೇ ಮಗುವಿನ ಅಪ್ಪ.

ಸಂಜೆ ಕಾರ್ಖಾನೆಯ ಗೇಟಿನಲ್ಲಿ ಚೆನ್ನಪ್ಪನನ್ನು ಹಿಡಿದು ನಿಲ್ಲಿಸಿ, ಮಗುವಿನ ಕೈಗೆ ಬರೆ ಹಾಕಿದ್ದೇಕೆಂದು ಕೇಳಿದರು. ಚೆನ್ನಪ್ಪ ಬಗ್ಗಿ ತನ್ನ ಕಾಲ ಕೆಂಪನ್ನು ಉಜ್ಜಿದ. ಆಮೇಲೆ ಹೇಳಿದ: "ನಾನು ಆ ಮನೆಗೆ ಹೋಗುವುದು ಶನಿವಾರ ರಾತ್ರಿ ಮಾಸ್ಟ್ರೇ, ಉಂಡು ಮಲಗ್ಲಿಕ್ಕೆ. ಮಾತಾಡ್ಲಿಕ್ಕೆ ಅಲ್ಲ. ಮಗು ಅವರದ್ದು."

ಮಾತು ತುಳುವಿನಲ್ಲಿ ನಡೆದದ್ದು. ಕನ್ನಡಕ್ಕೆ ತರುವಾಗ ಅದರ ಅರ್ಧ ಭಾರ ಉದುರಿಹೋಗುತ್ತದೆ. ಆದರೆ ಅರ್ಥ ಮಾಸ್ಟ್ರ ನೆತ್ತಿಗೆ ಸರಿಯಾಗಿ ಬಡಿಯಿತು. ಚೆನ್ನಪ್ಪನವರದು ಅಳಿಯಕಟ್ಟಿನ ಕುಟುಂಬ. ಅಲ್ಲಿ ಮಕ್ಕಳು ತಾಯಿಯ ಮನೆಯ ಸೊತ್ತು. ಅವರ ಅನ್ನ, ಬಟ್ಟೆ, ಶಿಕ್ಷೆ, ಮದುವೆ, ಎಲ್ಲದಕ್ಕೂ ಯಜಮಾನ ತಾಯಿಯ ಅಣ್ಣ. ಹೆತ್ತಪ್ಪ ವಾರಕ್ಕೊಮ್ಮೆ ಬಂದುಹೋಗುವ ನೆಂಟ. ಇದು ಮಾಸ್ಟ್ರಿಗೆ ಗೊತ್ತಿಲ್ಲದ್ದೇ? ಮಂಗಳೂರಿನ ನಾಯಿಬೆಕ್ಕುಗಳಿಗೂ ಗೊತ್ತಿದ್ದ ವಿಷಯ. ನಮ್ಮ ಕೋರ್ಟಿನ ವಕೀಲರು ಅರ್ಧ ಉಂಡದ್ದೇ ಅದರ ವ್ಯಾಜ್ಯಗಳಿಂದ. ಆದರೆ ಅಪ್ಪನಿಂದ ಮಗನಿಗೆ ಗಂಟೆ-ಆರತಿ ಇಳಿದುಬರುವ ಮನೆಯಲ್ಲಿ ಬೆಳೆದ ಅವರು ಅಳಿಯಕಟ್ಟೆಂದರೆ ಗದ್ದೆಯ ಮಾತು, ಆಸ್ತಿಯ ಮಾತು ಎಂದು ನಂಬಿಕೊಂಡಿದ್ದರು; ಅದು ಒಲೆಯ ಬುಡಕ್ಕೆ, ಮಗುವಿನ ಬೆರಳಿಗೆ ಬಂದು ಮುಟ್ಟುವ ಮಾತೆಂದು ಅವರಿಗೆ ಹೊಳೆದಿರಲಿಲ್ಲ. ಊರಿಡೀ ಕೈ ಮುಗಿದು ಕರೆದದ್ದು ಅಪ್ಪಂದಿರನ್ನು. ಅವರಲ್ಲಿ ಅರ್ಧಕ್ಕರ್ಧ ಜನಕ್ಕೆ ತಮ್ಮ ಮಕ್ಕಳ ಮೇಲೆ ಮಾತೇ ಇರಲಿಲ್ಲ.

ಮರುದಿನವೇ ಪಡೀಲಿಗೆ ನಡೆದರು. ಮುದ್ದುವಿನ ಸೋದರಮಾವ ನೋಣಯ್ಯ ಗೇಣಿಗೆ ಗದ್ದೆ ಮಾಡುವವನು. ನಡು ಬಾಗದ, ಮಾತಿಗಿಂತ ಮೌನಕ್ಕೆ ಹೆಚ್ಚು ಬೆಲೆ ಕೊಡುವ ಯಜಮಾನ. ಬ್ರಾಹ್ಮಣರು ತನ್ನ ಮನೆಯ ನೀರು ಮುಟ್ಟುವುದಿಲ್ಲವೆಂದು ತಿಳಿದು ಎಳನೀರಿನ ಬೊಂಡ ಕೆತ್ತಿ ಮುಂದಿಟ್ಟ. ಮಾಸ್ಟ್ರನ್ನು ಜಗಲಿಯಲ್ಲಿ ಕೂರಿಸಿ, ತಾನು ಮಾತ್ರ ಅಂಗಳದಲ್ಲೇ ನಿಂತ. ಮಾಸ್ಟ್ರು ಜೀವಮಾನದಲ್ಲಿ ಮೊದಲ ಸಲ ಅಂಥ ಮನೆಯಲ್ಲಿ 'ನೀವು' ಎಂದು ಬಹುವಚನದಲ್ಲಿ ಮಾತಾಡಿದರು, ಭಾನುವಾರದ ಕೂಟಕ್ಕೆ ಬರಬೇಕೆಂದು ಬೇಡಿದರು. ನೋಣಯ್ಯ ಕತ್ತಿಯ ಅಲಗನ್ನು ಹೆಬ್ಬೆರಳಿನಲ್ಲಿ ಒರೆಸುತ್ತ ಹೇಳಿದ್ದಿಷ್ಟೆ: "ನಾನು ಯಾರ ಅಪ್ಪನೂ ಅಲ್ಲ ಮಾಸ್ಟ್ರೇ. ಇಷ್ಟು ದಿನ ಹೇಳಿಕೆ ಹೋದದ್ದು ಚೆನ್ನಪ್ಪನಿಗೆ. ಈ ಮನೆಗೆ ಹೇಳಿಕೆ ಬರ್ಲಿಲ್ಲ."

ಹೇಳಿಕೆಯೆಂದರೆ ನಮ್ಮ ಕಡೆ ಕರೆಯುವ ಕ್ರಮ. ಮನೆಯ ಯಜಮಾನನ ಎದುರು ನಿಂತು, ಬಾಯಿಯಲ್ಲೇ, ಇಂಥ ದಿನ ಇಂಥಲ್ಲಿಗೆ ಬರಬೇಕೆಂದು ಹೇಳಬೇಕು. ಯಜಮಾನನನ್ನು ಬಿಟ್ಟು ಮನೆಯ ಬೇರೆ ಯಾರಿಗೆ ಹೇಳಿದರೂ ಅದು ಹೇಳಿಕೆಯಲ್ಲ, ಅವಮಾನ. ಒಂದು ವರ್ಷವಿಡೀ ಪ್ರತಿ ವಾರ ತಾನು ಈ ಮನುಷ್ಯನನ್ನು ಅವಮಾನ ಮಾಡುತ್ತ ಬಂದಿದ್ದೇನೆಂದು ಮಾಸ್ಟ್ರಿಗೆ ಆ ಅಂಗಳದಲ್ಲಿ ತಿಳಿಯಿತು. ಅವರು ಎದ್ದು, ಜಗಲಿಯಿಂದಿಳಿದು, ನೋಣಯ್ಯನ ಎದುರು ನಿಂತು, ಮದುವೆಗೆ ಹೇಳುವಂತೆ ಕ್ರಮಬದ್ಧವಾಗಿ ಹೇಳಿಕೆ ಹೇಳಿದರು.

ಮಗುವಿನ ಕೈಯ ವಿಷಯವನ್ನು ಅವರು ಎತ್ತಲಿಲ್ಲ, ಎತ್ತಿದ್ದು ನೋಣಯ್ಯನೇ. ಅವನಿಗೆ ಸೊಸೆಯೆಂದು ಇದ್ದವಳು ಮುದ್ದು ಒಬ್ಬಳೇ. ಮುದ್ದುವಿನ ತಾಯಿ, ಅವನ ತಂಗಿ ದೇಯಿಗೆ ಬೇರೆ ಹೆಣ್ಣುಮಕ್ಕಳಿಲ್ಲ. ಅಳಿಯಕಟ್ಟಿನಲ್ಲಿ ಸಂತಾನ ಮುಂದುವರಿಯುವುದು ಹೆಣ್ಣಿನಿಂದ. ಆ ಮನೆಯ ದೀಪ ನಾಳೆ ಉರಿಯಬೇಕಾದರೆ ಉರಿಸಬೇಕಾದವಳು ಅವಳು. ಕಳೆದ ವರ್ಷ ಕುಟುಂಬದ ದೈವದ ಎದುರು, ಹಿರಿಯರೆಲ್ಲ ನೋಡುತ್ತಿರುವಾಗ, ಅವಳು ಗಂಧಪ್ರಸಾದಕ್ಕೆ ಎಡಗೈ ಒಡ್ಡಿದಳಂತೆ. ಅಂದಿನಿಂದ ಅವನಿಗೆ ನಿದ್ದೆಯಿಲ್ಲ. ಇವಳಿಗೆ ಗಂಡು ಎಲ್ಲಿಂದ ಬರಬೇಕು, ಮನೆ ಹೇಗೆ ಉಳಿಯಬೇಕು? ಸಟ್ಟುಗ ಹಿಡಿದ ದಿನ ತಾನೂ ಉಣ್ಣುವುದಿಲ್ಲವೆಂದು ಹೇಳಿ ಅವನು ಮುಖ ತಿರುಗಿಸಿದ. ಇಡೀ ಊರಿನಲ್ಲಿ ತನ್ನಷ್ಟೇ ಚಿಂತೆ ಹೊತ್ತ ಇನ್ನೊಬ್ಬ ಮನುಷ್ಯನನ್ನು ಮಾಸ್ಟ್ರು ಕಂಡದ್ದು ಅಂದೇ. ಅವನ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

ಭಾನುವಾರ ನೋಣಯ್ಯ ಬಂದ. ಅಡಿಕೆ ಹಾಳೆಯ ಮುಟ್ಟಾಳೆಯನ್ನು ತಲೆಯಿಂದ ತೆಗೆದು ಮಂಡಿಯ ಮೇಲಿಟ್ಟುಕೊಂಡು ಕೊನೆಯ ಬೆಂಚಿನ ತುದಿಯಲ್ಲಿ, ಬಾಗಿಲ ಬಳಿ ಕೂತ. ಮೊದಲ ಬೆಂಚಿನ ಚೆನ್ನಪ್ಪ ಹಿಂದೆ ತಿರುಗಿಯೂ ನೋಡಲಿಲ್ಲ. ಮಾಸ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಅಂದಿಗೆಂದು ಅವರು ಸಿದ್ಧಪಡಿಸಿದ್ದ ಪಾಠ ಬರೆ ಹಾಕುವುದರ ಮೇಲೆ. ಆದರೆ ಆ ಮುಟ್ಟಾಳೆಯನ್ನು ಕಂಡದ್ದೇ ಅವರು ಆ ಪಾಠವನ್ನು ಬದಿಗಿಟ್ಟರು. ಮೊದಲ ದಿನವೇ ಚುಚ್ಚಿದರೆ ಇನ್ನು ಬಂದಾನೇ? ಅವರು ಕಣ್ಣುಬೇನೆಯ ಮೇಲೆ ಮಾತಾಡಿದರು. ಮುಂದಿನ ವಾರ ಬಾವಿಯ ನೀರಿನ ಮೇಲೆ ಮಾತಾಡಿದರು, ನೋಣಯ್ಯ ಬಂದ. ಅದರ ಮುಂದಿನ ವಾರ ಹುಳದ ಬಾಧೆ, ಆಗಲೂ ಬಂದ. ಇವತ್ತು ಬೇಡ, ಇನ್ನೊಂದು ಸಲ ಬರಲಿ, ಸ್ವಲ್ಪ ಹದವಾಗಲಿ ಎಂದು ಮುಖ್ಯವಾದ ಒಂದೇ ಮಾತನ್ನು ಅವರು ವಾರದಿಂದ ವಾರಕ್ಕೆ ದೂಡಿದರು. ಕೂಟದ ಲೆಕ್ಕದಲ್ಲಿ ಅದು ಅವರ ಅತ್ಯಂತ ಯಶಸ್ವಿ ಕಾಲ. ನೋಣಯ್ಯನಂಥ ಯಜಮಾನನೇ ಹೋಗುತ್ತಾನೆಂದು ಬೇರೆ ಮನೆಗಳ ಸೋದರಮಾವಂದಿರೂ ಬರತೊಡಗಿ, ಬೆಂಚುಗಳು ಎಳೆಯದೆಯೇ ತುಂಬಿದವು. ಮಾಸ್ಟ್ರು ಮಾತ್ರ ದಿನೇ ದಿನೇ ಸೊರಗಿದರು. ಜನ ಬಾರದಿದ್ದಾಗಿನ ಚಿಂತೆ ಅವರಿಗೆ ರೂಢಿಯಾಗಿತ್ತು. ಬಂದ ಜನವನ್ನು ಕಳೆದುಕೊಳ್ಳುವ ಭಯ ಹೊಸದು, ಅದು ಒಳಗಿನಿಂದಲೇ ಕೊರೆಯಿತು.

ನಿಮಗೆ ಬೇಕಾದದ್ದು ಕೇಳುವ ಕಿವಿಯಾ, ತುಂಬಿದ ಬೆಂಚಾ ಎಂದು ಸತ್ಯಭಾಮಮ್ಮ ಒಮ್ಮೆ ಕೇಳಿಯೂ ಕೇಳಿದರು. ಅವರು ಎದ್ದು ಮುಂದಿನ ಮನೆಯ ಹೇಳಿಕೆಗೆ ಹೊರಟರು.

ಆಮೇಲೊಂದು ಸೋಮವಾರ ಮುದ್ದುವಿನ ಎಡಗೈಗೆ ಬಟ್ಟೆ ಸುತ್ತಿತ್ತು. ಈ ಸಲ ಬರೆ ಅಂಗೈಗೆ ಬಿದ್ದಿತ್ತು, ಕೀವಾಗಿ ಬೆರಳುಗಳು ಮಡಿಸಲಾಗದಷ್ಟು ಬಾತಿದ್ದವು. ಕೈ ಶಾಶ್ವತವಾಗಿ ಸೆಟೆದುಹೋದರೂ ಹೋಗಬಹುದೆಂದು ಬಟ್ಟೆ ಬಿಚ್ಚಿ ನೋಡಿದ ಕಂಪೌಂಡರ್ ಆಂಬ್ರೋಸ್ ತಲೆಯಾಡಿಸಿದ. ಹುಡುಗಿ ಅಳಲಿಲ್ಲ. ಅಳದೆ ಇದ್ದದ್ದು ಮಾಸ್ಟ್ರನ್ನು ಹೆಚ್ಚು ಹೆದರಿಸಿತು.

ಆ ವಾರವಿಡೀ ಅವರು ತಮ್ಮೊಳಗೇ ಕುಸ್ತಿ ಹಿಡಿದರು. ಹೇಳಿದರೆ ನೋಣಯ್ಯ ಹೋಗುತ್ತಾನೆ. ಅವನು ಹೋದರೆ ಮಗುವನ್ನೂ ಶಾಲೆ ಬಿಡಿಸುತ್ತಾನೆ. ಬಿಡಿಸಿದರೆ ಆ ಕೈಯನ್ನು ದಿನಕ್ಕೊಮ್ಮೆ ನೋಡುವ ಕಣ್ಣೂ ಇಲ್ಲವಾಗುತ್ತದೆ. ಹೇಳದಿದ್ದರೆ ಕೈಯೇ ಇಲ್ಲ. ಸಾಮಾನ್ಯ ಮಾತಿನಲ್ಲಿ ಹೇಳೋಣವೆಂದರೆ, ಸಾಮಾನ್ಯ ಮಾತನ್ನು ಪ್ರತಿಯೊಬ್ಬನೂ ಪಕ್ಕದವನಿಗೆಂದು ತಿಳಿದು ತಲೆದೂಗುತ್ತಾನೆ. ಒಂದು ವರ್ಷ ತಲೆದೂಗಿದ್ದನ್ನು ನೋಡಿ ಸಾಕಾಗಿತ್ತು. ಒಬ್ಬನನ್ನೇ ಕಂಡು ಹೇಳೋಣವೆಂದು ಅವರು ಎರಡು ಸಲ ಪಡೀಲಿಗೆ ಹೋದರು. ಎರಡು ಸಲವೂ ನೋಣಯ್ಯ ಗದ್ದೆಯ ಆಚೆ ತುದಿಯಿಂದ ಈಚೆ ಬರಲಿಲ್ಲ. ಅವನಿಗೂ ಗೊತ್ತಿತ್ತೆಂದು ನಮ್ಮ ಊಹೆ.

ಭಾನುವಾರ ಬೆಂಚುಗಳೆಲ್ಲ ತುಂಬಿದ ಮೇಲೆ ಮಾಸ್ಟ್ರು ಎದ್ದು ನಿಂತರು. ಪೀಠಿಕೆಯಿಲ್ಲ, ಉದಾಹರಣೆಯಿಲ್ಲ.

"ನೋಣಯ್ಯ, ಮಗುವಿನ ಕೈ ಸುಡಬೇಡಿ. ಅವಳಿಂದ ನಿಮ್ಮ ಮನೆ ಉಳಿಯಬೇಕಾದರೆ ಅವಳಿಗೆ ಕೈ ಇರಬೇಕಲ್ಲ. ಎಡಗೈಯಾದರೂ ಅದು ನಿಮ್ಮ ಮನೆಯ ಕೈ."

ಮೊದಲ ಬೆಂಚಿನಲ್ಲಿ ಚೆನ್ನಪ್ಪ ಅಂದು ತಲೆದೂಗಲಿಲ್ಲ, ತಲೆಯನ್ನು ಎರಡು ಕೈಗಳಲ್ಲಿ ಹಿಡಿದುಕೊಂಡ. ನೋಣಯ್ಯ ನಿಧಾನವಾಗಿ ಎದ್ದು ಮುಟ್ಟಾಳೆ ತಲೆಗಿಟ್ಟುಕೊಂಡ. "ನಿಮ್ಮ ಶಾಲೆ ನಿಮಗೆ ಮಾಸ್ಟ್ರೇ, ನಮ್ಮ ಮಗು ನಮಗೆ" ಎಂದಷ್ಟೇ ಹೇಳಿ ಹೊರಟುಹೋದ. ಅವನ ಹಿಂದೆ ಉಳಿದ ಯಜಮಾನರೂ ಒಬ್ಬೊಬ್ಬರಾಗಿ ಎದ್ದರು. ಇವತ್ತು ನೋಣಯ್ಯನ ಹೆಸರು ಹಿಡಿದವರು ನಾಳೆ ತಮ್ಮ ಹೆಸರು ಹಿಡಿಯುವುದಿಲ್ಲವೆಂದು ಯಾವ ಭರವಸೆ? ಕೂಸುಗಳನ್ನು ಎತ್ತಿಕೊಳ್ಳಲು ಹೆಂಗಸರು ಹಿಂದಿನ ಜಗಲಿಗೆ ಓಡಿದರು. ಮಾಸ್ಟ್ರು ಯಾರನ್ನೂ ತಡೆಯಲಿಲ್ಲ.

ಮುದ್ದು ಮರುದಿನ ಶಾಲೆಗೆ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಮಾಸ್ಟ್ರು ಪಾಠ ಮಾಡುತ್ತ ಬಾಗಿಲನ್ನೇ ನೋಡಿದರು. ಮಗ್ಗಿ ಹೇಳಿಸುತ್ತ ಮಧ್ಯದಲ್ಲಿ ಮರೆತರು. ಶಾಲೆ ಬಿಟ್ಟ ಮೇಲೆ ಪಡೀಲಿನ ದಾರಿ ಹಿಡಿದು, ಆ ಮನೆ ಕಾಣುವಷ್ಟು ದೂರದಲ್ಲಿ ಗದ್ದೆಯ ಹುಣಿಯ ಮೇಲೆ ನಿಂತು, ಅಂಗಳದಲ್ಲಿ ಸಣ್ಣ ಜೀವವೇನಾದರೂ ಓಡಾಡುತ್ತದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವರು. ಮುಂದೆ ಹೋಗಲು ಧೈರ್ಯವಿಲ್ಲ, ಹಿಂದಕ್ಕೆ ಬರಲು ಕಾಲಿಲ್ಲ. ತಾನು ಒಂದು ಮಾತಿಗಾಗಿ ಮಗುವನ್ನೇ ಕಳೆದೆನೆಂದು ಅವರು ಸತ್ಯಭಾಮಮ್ಮನ ಎದುರು ಅತ್ತದ್ದನ್ನು ಆಮೇಲೆ ಆಕೆಯೇ ನಮಗೆ ಹೇಳಿದ್ದು.

ಒಂದು ಬೆಳಿಗ್ಗೆ ದೇಯಿ ಮಗಳ ಕೈ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ, ಕಂಬದ ಮರೆಯಿಂದಲೇ, ತಗ್ಗಿದ ದನಿಯಲ್ಲಿ, ಅಣ್ಣ ಹೇಳಿ ಕಳಿಸಿದ್ದನ್ನು ಹೇಳಿದಳು. ಮಗು ಎಡಗೈಯಲ್ಲಿ ಬರೆಯಲಿ. ಉಣ್ಣುವುದು, ಪ್ರಸಾದ ತೆಗೆದುಕೊಳ್ಳುವುದು ಮಾತ್ರ ಬಲಗೈಯಲ್ಲಿ; ಅದನ್ನು ಮನೆಯವರೇ ಹೇಳಿ ಕಲಿಸುತ್ತಾರೆ, ಸುಡುವುದಿಲ್ಲ. ಇಷ್ಟು ದಿನ ಮಗುವಿನ ಕೈಗೆ ಎಣ್ಣೆ ಹಚ್ಚಿ, ಬೆರಳು ಬೆರಳನ್ನೂ ನೀವಿ ಮಡಿಸಿದ್ದು ಅಣ್ಣನೇ. ಆದರೆ ಅಣ್ಣ ಇನ್ನು ಕೂಟಕ್ಕೆ ಬರುವುದಿಲ್ಲ. ಆ ಜಾಗದಲ್ಲಿ ತನ್ನನ್ನು ಹೆಸರು ಹಿಡಿದು ನಿಲ್ಲಿಸಿದ್ದಾರೆ, ಅಲ್ಲಿಗೆ ಮತ್ತೆ ಕಾಲಿಡಲಾರೆ ಎಂದಿದ್ದಾನೆ.

ಮಾಸ್ಟ್ರು ಹುಡುಗಿಯ ಕೈ ಬಿಡಿಸಿ ನೋಡಿದರು. ಬೆರಳು ಮಡಿಸುತ್ತಿದ್ದವು. ಅವರಿಗಾದ ಸಂತೋಷಕ್ಕೆ ಪಾರವಿಲ್ಲ; ಆದರೆ ಅದು ಮಧ್ಯಾಹ್ನದವರೆಗೆ ಬಾಳಿದರೆ ಹೆಚ್ಚು. ಸಂಜೆ ಮನೆಗೆ ಬಂದವರ ಬಾಯಿಯಲ್ಲಿ ಇದ್ದದ್ದು ನೋಣಯ್ಯನನ್ನು ಕಳೆದುಕೊಂಡೆ ಎಂಬ ಒಂದೇ ಕೊರಗು. ಕೂಟ ಮತ್ತೆ ಮೊದಲಿನಂತೆ ತುಂಬಲಿಲ್ಲ. ಚೆನ್ನಪ್ಪ ಬಂದ, ಇನ್ನೂ ಕೆಲವರು ಬಂದರು. ಅವರೆಲ್ಲರ ಎದುರು ಮಾಸ್ಟ್ರು ಸಾಯುವವರೆಗೂ ತಮ್ಮ ಸೋಲಿನ ಉದಾಹರಣೆಯಾಗಿ ಹೇಳುತ್ತಿದ್ದದ್ದು ಬಾಗಿಲ ಬಳಿ ಬರಿದಾದ ಆ ಜಾಗವನ್ನು.

ಕರೆಯುವುದನ್ನೇ ಕಸುಬು ಮಾಡಿಕೊಂಡ ಇಂಥವರು ಪ್ರತಿ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಜನರ ಬಾಗಿಲು ತಟ್ಟಿ ಕೈ ಸವೆದವರು, ಬಂದವರನ್ನು ಎಣಿಸಿ ಬದುಕುವವರು, ಬಾರದವರನ್ನು ನೆನೆದು ನಿದ್ದೆಗೆಡುವವರು. ತಮ್ಮ ಮಾತು ಎಲ್ಲಿ ನಾಟಿತೆಂಬುದು ಅವರಿಗೆ ತಿಳಿಯುವುದೇ ಇಲ್ಲ. ಏಕೆಂದರೆ ಅವರು ಹುಡುಕುವುದು ಕೂತವರ ಮುಖಗಳಲ್ಲಿ. ಮಾತು ನಿಜವಾಗಿ ನಾಟಿದವನಿಗೆ ಮತ್ತೆ ಬಂದು ಅದೇ ಬೆಂಚಿನಲ್ಲಿ ಕೂರುವುದು ಎಷ್ಟು ಕಷ್ಟವೆಂದು ಅವರಿಗೆ ಹೇಳುವವರು ಯಾರು? ನಾವೆಲ್ಲ ವರ್ಷಗಟ್ಟಲೆ ಚಕ್ರಪಾಣಿ ಮಾಸ್ಟ್ರ ಕೂಟಕ್ಕೆ ಹೋದೆವು, ತಲೆದೂಗಿದೆವು, ಮನೆಗೆ ಬಂದು ಮಕ್ಕಳಿಗೆ ಹೊಡೆದೆವು. ಅವರ ಮಾತನ್ನು ಕೇಳಿದವನು ಹೋಗುವುದನ್ನು ಬಿಟ್ಟ ನೋಣಯ್ಯನೊಬ್ಬನೇ.